ದಿನಕ್ಕೊಂದೇ ಊರು: ನಿವೃತ್ತಿಯ ನಂತರ ನಮ್ಮಿಬ್ಬರ ತಿರುಗಾಟ

ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಊರು ತಿರುಗಲು ಹೊರಟಾಗ ನಾವು ಇಟ್ಟುಕೊಂಡಿರುವ ಕಟ್ಟಳೆ ಒಂದೇ: ದಿನಕ್ಕೊಂದೇ ಊರು ನೋಡಬೇಕು, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು, ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದವರು. ಅವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ನನಗೆ ಮೊಣಕಾಲಿನ ನೋವು. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ, ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಈ ಸ್ಥಿತಿಯಲ್ಲಿ ತಿರುಗಾಟ ಬಿಟ್ಟು ಕೂಡುವುದು ಸುಲಭವಿತ್ತು, ನಾಲ್ಕು ದಿನಕ್ಕೆ ಹತ್ತು ಕ್ಷೇತ್ರ ತೋರಿಸುವ ಪ್ರವಾಸದ ಬಸ್ಸನ್ನು ಹತ್ತುವುದೂ ಸುಲಭವಿತ್ತು. ನಾವು ಎರಡನ್ನೂ ಬಿಟ್ಟು, ಹುಬ್ಬಳ್ಳಿ, ಗದಗ, ಹಾವೇರಿ ಸೀಮೆಯನ್ನೇ ಒಂದೊಂದು ದಿನದ ಅಳತೆಯಲ್ಲಿ ನೋಡುತ್ತ ಬಂದಿದ್ದೇವೆ. ಅದನ್ನು ಹೇಗೆ ಮಾಡುತ್ತೇವೆಂಬುದನ್ನು ನಮ್ಮ ಓರಗೆಯವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲನೆಯ ಮಾತು ದಿನನಿತ್ಯದ ನಡಿಗೆಯದು. ನಾವಿಬ್ಬರೂ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದ ಕಡೆಗೆ ನಡೆಯುತ್ತೇವೆ, ಸಂಜೆ ಕಾಯಿಪಲ್ಯೆ ತರಲು ಇನ್ನೊಂದು ಸುತ್ತು. ಹೀಗೆ ಆಯಾಸವಿಲ್ಲದೆ ಮನೆಯ ಸುತ್ತ ಎಷ್ಟು ನಡೆಯಬಲ್ಲೆವೋ ಅಷ್ಟನ್ನೇ ಪರಊರಿನಲ್ಲಿಯೂ ನಡೆಯಲು ಸಾಧ್ಯ ಎಂದು ಲೆಕ್ಕ ಹಿಡಿಯುತ್ತೇವೆ; ಹುರುಪು ಬಂತೆಂದು ಹೆಚ್ಚಿನ ಹೆಜ್ಜೆಗಳನ್ನು ಅದಕ್ಕೆ ಸೇರಿಸುವುದಿಲ್ಲ. ಒಂದು ಗುಡಿಗೆ ಎಷ್ಟು ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಂಬಿ ಇದೆಯೇ, ಬಸ್ಸು ಇಳಿದ ಜಾಗದಿಂದ ನೆರಳಿನಲ್ಲಿ ಹೋಗಲು ದಾರಿ ಇದೆಯೇ ಎಂಬುದನ್ನು ಅಲ್ಲಿಗೆ ಹೋಗಿ ಬಂದವರಲ್ಲಿ ಮೊದಲೇ ಕೇಳಿಕೊಳ್ಳುತ್ತೇವೆ. ಗುಡಿ ಎಷ್ಟು ಚೆಂದವಿದೆ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಮೆಟ್ಟಿಲಿನ ಸಂಗತಿ ಹೇಳುವವರನ್ನು ಹುಡುಕಬೇಕು.

ಎರಡನೆಯದು ದಿನದ ಆಯ್ಕೆ. ರವಿವಾರ, ಅಮವಾಸ್ಯೆ, ಜಾತ್ರೆಯ ದಿನಗಳನ್ನು ಬಿಟ್ಟು ನಡುವಾರದಲ್ಲಿ ಹೊರಡುತ್ತೇವೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾಡಿನ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಇದು ನನ್ನಂಥ ಅನೇಕರಿಗೆ ಮನೆಯ ಹೊಸ್ತಿಲು ದಾಟುವ ಧೈರ್ಯ ಕೊಟ್ಟ ಯೋಜನೆ ಎಂದು ನಾನು ಮನಸಾರೆ ನಂಬಿದ್ದೇನೆ. ಆದರೆ ರಜೆಯ ದಿನಗಳಲ್ಲಿ ಬಸ್ಸು ತುಂಬಿರುತ್ತದೆ, ನಿಂತು ಪ್ರಯಾಣ ಮಾಡುವ ಕಾಲು ನಮಗಿಲ್ಲ. ಅರವತ್ತು ತುಂಬಿದವರಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಶೇಕಡಾ 25ರ ರಿಯಾಯಿತಿ ಇರುವುದರಿಂದ ನಮ್ಮ ಮನೆಯವರು ವಯಸ್ಸು ಕಾಣುವ ಗುರುತಿನ ಚೀಟಿಯನ್ನು ಅಂಗಿಯ ಕಿಸೆಯಲ್ಲಿಯೇ ಇಟ್ಟುಕೊಂಡಿರುತ್ತಾರೆ. ನಾನು ಆಧಾರ್ ಕಾರ್ಡನ್ನು ಕೈಚೀಲದ ಹೊರಗಿನ ಖಾನೆಯಲ್ಲಿ ಇಡುತ್ತೇನೆ. ಗದ್ದಲದಲ್ಲಿ ಕಂಡಕ್ಟರ್ ಬಂದು ನಿಂತಾಗ ಚೀಲ ತಡಕಾಡುವ ಆತಂಕ ಇಲ್ಲದಿದ್ದರೆ ಪ್ರಯಾಣದ ಅರ್ಧ ದಣಿವು ತಪ್ಪಿದಂತೆ.

ಧಾರವಾಡದಿಂದ ಹುಬ್ಬಳ್ಳಿಗೆ ನಾವು ಚಿಗರಿ ಬಸ್ಸನ್ನೇ ಹಿಡಿಯುತ್ತೇವೆ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕೆ ಇರುವುದರಿಂದ ಮೊಣಕಾಲು ಎತ್ತಿ ಹತ್ತುವ ಕಷ್ಟವಿಲ್ಲ; ಈ ಬಸ್ಸಿಗೆಂದೇ ರಸ್ತೆಯ ನಡುವೆ ಬೇರೆ ದಾರಿ ಇರುವುದರಿಂದ ಇಷ್ಟು ಹೊತ್ತಿಗೆ ಮುಟ್ಟುತ್ತೇವೆಂದು ನಂಬಿ ಹೊರಡಬಹುದು. ರಸ್ತೆಯ ನಡುವಿನ ಆ ನಿಲ್ದಾಣವನ್ನು ತಲುಪುವಾಗ ಮಾತ್ರ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದುಕೊಂಡು, ಎರಡೂ ಕಡೆ ನೋಡಿ ದಾಟುತ್ತೇವೆ.

ಹುಬ್ಬಳ್ಳಿಯಿಂದ ಗದಗಿಗೆ ಬಸ್ಸೂ ಇದೆ, ರೈಲೂ ಇದೆ. ಸುಮಾರು ಅರವತ್ತು ಕಿಲೋಮೀಟರ್ ದಾರಿ. ಸಕ್ಕರೆ ಕಾಯಿಲೆಯವರಿಗೆ ಮೂತ್ರಕ್ಕೆ ಮೇಲಿಂದ ಮೇಲೆ ಹೋಗಬೇಕಾಗುವುದನ್ನು ಮುಚ್ಚಿಡುವ ಕಾರಣವಿಲ್ಲ. ಅದಕ್ಕಾಗಿಯೇ ಸಮಯ ಹೊಂದಿದರೆ ನಾವು ರೈಲನ್ನು ಆರಿಸುತ್ತೇವೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀರು ಕುಡಿಯದೆ ಬಿಗಿಹಿಡಿದು ಕೂಡುವ ಹಿರಿಯರನ್ನು ನಾನು ಬಹಳ ನೋಡಿದ್ದೇನೆ, ಅದು ಬೇಸಿಗೆಯಲ್ಲಿ ಅಪಾಯದ ಅಭ್ಯಾಸ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್ ಉದ್ದವಿದ್ದು, ಜಗತ್ತಿನಲ್ಲಿಯೇ ಅತಿ ಉದ್ದವಾದದ್ದು. ನಮ್ಮೂರಿನ ಹೆಮ್ಮೆ ಅದು, ಆದರೆ ಮುದುಕರ ಕಾಲಿಗೆ ಒಂದೂವರೆ ಕಿಲೋಮೀಟರ್ ಎಂದರೆ ಒಂದು ಹೊತ್ತಿನ ನಡಿಗೆ. ಆದ್ದರಿಂದ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ನಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು, ಅಲ್ಲಿಗೆ ನಿಧಾನವಾಗಿ ಹೋಗಿ ಕುಳಿತುಕೊಳ್ಳುವಷ್ಟು ಮುಂಚಿತವಾಗಿ ಮುಟ್ಟುತ್ತೇವೆ.

ನಮಗೆ ಎಲ್ಲಕ್ಕಿಂತ ಪ್ರಿಯವಾದದ್ದು ಲಕ್ಕುಂಡಿ. ಗದಗಿನಿಂದ ಹನ್ನೆರಡು ಕಿಲೋಮೀಟರ್. ಬಸ್ಸಿಳಿದರೆ ಊರ ಓಣಿಗಳಲ್ಲಿ ನಡೆದೇ ಗುಡಿಗಳನ್ನು ನೋಡಬಹುದು. ಒಂದೇ ದಿನದಲ್ಲಿ ಎಲ್ಲ ಗುಡಿಗಳನ್ನೂ ಮುಗಿಸುವ ಆಸೆಯನ್ನು ನಾವು ಇಟ್ಟುಕೊಂಡಿಲ್ಲ. ಒಂದು ಸಲ ಹೋದಾಗ ಕಾಶಿವಿಶ್ವೇಶ್ವರ ಮತ್ತು ಅದರ ಸಮೀಪದ ನನ್ನೇಶ್ವರ, ಇನ್ನೊಂದು ಸಲ ಬ್ರಹ್ಮಜಿನಾಲಯ, ಮತ್ತೊಂದು ಸಲ ಮಾಣಿಕೇಶ್ವರ ಮತ್ತು ಮುಸುಕಿನ ಬಾವಿ, ಹೀಗೆ ಹಂಚಿಕೊಂಡು ನೋಡುತ್ತೇವೆ. ಕಾಶಿವಿಶ್ವೇಶ್ವರದಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ಬಾಗಿಲವಾಡದ ಕೆತ್ತನೆಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು. ಬಳಪದ ಕಲ್ಲಿನ ಮೇಲಿನ ಬಳ್ಳಿ, ಎಲೆ, ಸಣ್ಣ ಸಣ್ಣ ಆಕೃತಿಗಳು ಆಗ ನೆರಳು ಹಿಡಿದು ಎದ್ದು ಕಾಣುತ್ತವೆ, ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗುತ್ತವೆ. ಅದಕ್ಕಾಗಿ ನಸುಕಿಗೆ ಎದ್ದು ಹೊರಡುವುದು ಸಾರ್ಥಕ. ಇನ್ನೊಂದು ಕಾರಣವೂ ಇದೆ: ಗುಡಿಯ ಅಂಗಳದ ಹಾಸುಗಲ್ಲು ಹನ್ನೊಂದರ ಮೇಲೆ ಕಾಲಿಡಲಾರದಷ್ಟು ಕಾಯುತ್ತದೆ. ಸಕ್ಕರೆ ಇರುವವರ ಪಾದಕ್ಕೆ ಬಿಸಿ ಸರಿಯಾಗಿ ತಿಳಿಯದೆ ಬೊಬ್ಬೆ ಏಳುವುದುಂಟು, ಆದ್ದರಿಂದ ಚಪ್ಪಲಿ ಬಿಡಬೇಕಾದಲ್ಲಿ ಅವರು ದಪ್ಪ ಕಾಲುಚೀಲ ಹಾಕಿಕೊಂಡೇ ಓಡಾಡುತ್ತಾರೆ, ಮನೆಗೆ ಬಂದ ಮೇಲೆ ಅಂಗಾಲನ್ನು ನಾನು ದೀಪದ ಬೆಳಕಿನಲ್ಲಿ ಒಮ್ಮೆ ನೋಡುತ್ತೇನೆ.

ಬ್ರಹ್ಮಜಿನಾಲಯ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು, 1007ರ ಕಾಲದ್ದು. ಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದ ಆ ತಾಯಿಯ ಬಗ್ಗೆ ನಾನು ಶಾಲೆಯಲ್ಲಿ ಪಾಠ ಹೇಳಿದವಳು. ಅವಳು ಕಟ್ಟಿಸಿದ ಬಸದಿಯ ಜಗುಲಿಯ ಮೇಲೆ ಕುಳಿತು, ಒಳಗಿನ ಚತುರ್ಮುಖ ಬ್ರಹ್ಮ ಮತ್ತು ಪದ್ಮಾವತಿಯ ಶಿಲ್ಪಗಳನ್ನು ಅವಸರವಿಲ್ಲದೆ ನೋಡುವ ಭಾಗ್ಯ ನನಗೆ ನಿವೃತ್ತಿಯ ನಂತರವೇ ಸಿಕ್ಕಿತು. ನಮ್ಮ ಮನೆಯವರಿಗೆ ಶಾಸನದ ಹುಚ್ಚು. ಕಲ್ಲಿನ ಮುಂದೆ ನಿಂತು ಗೊತ್ತಿರುವ ಅಕ್ಷರಗಳನ್ನು ಒಂದೊಂದಾಗಿ ಹುಡುಕುತ್ತಾರೆ, ಲಕ್ಕುಂಡಿಯ ಹಳೆಯ ಹೆಸರಾದ ಲೊಕ್ಕಿಗುಂಡಿ ಎಂಬುದು ಕಣ್ಣಿಗೆ ಬಿದ್ದರೆ ಮಗುವಿನಂತೆ ಕರೆಯುತ್ತಾರೆ. ನಾನು ಅಲ್ಲಿಯ ಹೆಣ್ಣುಮಕ್ಕಳೊಂದಿಗೆ ಮಾತಿಗೆ ಕೂಡುತ್ತೇನೆ. ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ನಾನು ಇಳಿಯುವುದಿಲ್ಲ. ನಮ್ಮ ಮನೆಯವರು ಕಣ್ಣಳತೆಯಲ್ಲಿರುವಷ್ಟೇ ಇಳಿದು, ಗೋಡೆಯ ಪುಟ್ಟ ಗೂಡುಗುಡಿಗಳನ್ನು ನೋಡಿ ಬಂದು ವಿವರಿಸುತ್ತಾರೆ.

ಇಬ್ಬರ ಆಸಕ್ತಿ ಬೇರೆ ಇರುವಲ್ಲಿ ಜಗಳ ಬರದಂತೆ ನಾವು ಮಾಡಿಕೊಂಡ ಒಪ್ಪಂದವೆಂದರೆ, ಯಾರು ಮೊದಲು ಸಾಕು ಎನ್ನುತ್ತಾರೋ ಅವರ ಮಾತೇ ಕೊನೆಯದು. "ಸಾಕ್ರಿ ಇವತ್ತಿಗೆ, ಕಾಲು ಬ್ಯಾಡ ಅನ್ನಾಕತ್ತಾವು" ಎಂದು ನಾನು ಹೇಳಿದರೆ, "ಆತು ಬಿಡು, ಉಳದದ್ದು ಮುಂದಿನ ಸಲ ನೋಡೂಣು" ಎಂದು ಅವರು ಅರ್ಧ ಓದಿದ ಶಾಸನವನ್ನೂ ಬಿಟ್ಟು ಬರುತ್ತಾರೆ. ಇದಕ್ಕೆ ವಾದವಿಲ್ಲ, ಮುನಿಸೂ ಇಲ್ಲ. ಊರು ಹತ್ತಿರದಲ್ಲಿಯೇ ಇರುವುದರಿಂದ ಮುಂದಿನ ಸಲ ಎಂಬ ಮಾತು ಬರಿಯ ಸಮಾಧಾನವಾಗದೆ ನಿಜವಾಗುತ್ತದೆ. ದೂರದ ಊರಿಗೆ ಹೋದಾಗ ಈ ಸೌಲಭ್ಯ ಇರುವುದಿಲ್ಲ, ಅಲ್ಲಿ ಎಲ್ಲವನ್ನೂ ಆ ದಿನವೇ ನೋಡಿಬಿಡಬೇಕೆಂಬ ಹಟ ದೇಹವನ್ನು ದಣಿಸುತ್ತದೆ.

ಊಟದ ವಿಷಯದಲ್ಲಿ ನಾನು ಗಟ್ಟಿಯಾಗಿದ್ದೇನೆ. ಬುತ್ತಿ ಮನೆಯಿಂದಲೇ: ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಣ ಪಲ್ಯೆ, ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು. ಗುಳಿಗೆ ತೆಗೆದುಕೊಂಡವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ ಬರುವುದುಂಟು; ಖಾನಾವಳಿ ಹುಡುಕುವ ಅವಸರದಲ್ಲಿ ಆ ಹೊತ್ತು ಮೀರಬಾರದು. ಅಂಥ ವೇಳೆಗೆಂದು ಕೈಚೀಲದಲ್ಲಿ ಸಕ್ಕರೆಯ ಪೊಟ್ಟಣ ಇರುತ್ತದೆ. ಪೇಢೆ ಅದಕ್ಕೆ ನಡೆಯುವುದಿಲ್ಲವೇ ಎಂದು ಧಾರವಾಡದವರು ಕೇಳುತ್ತಾರೆ. ಪೇಢೆಯಲ್ಲಿ ಹಾಲಿನ ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ, ನೀರಿನಲ್ಲಿ ಕದಡಿದ ಸಕ್ಕರೆ ಬೇಗ ಕೆಲಸ ಮಾಡುತ್ತದೆ. ಒಂದೇ ದಿನದ ಪ್ರಯಾಣವಾದರೂ ಎರಡು ದಿನದ ಗುಳಿಗೆ, ವೈದ್ಯರ ಚೀಟಿಯ ಪ್ರತಿ, ಮಗನ ಫೋನ್ ನಂಬರ್ ಬರೆದ ಕಾಗದ ಇಬ್ಬರ ಬಳಿಯೂ ಬೇರೆ ಬೇರೆಯಾಗಿ ಇರುತ್ತವೆ.

ತಿರುಗಾಟಕ್ಕೆ ನಮ್ಮ ಸೀಮೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಉತ್ತಮ. ಗದಗಿನ ದಾರಿಯ ಎರಿ ಭೂಮಿಯಲ್ಲಿ ಆಗ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ, ಸುಲಗಾಯಿ (ಹಸಿ ಕಡಲೆ) ಮತ್ತು ಸೀತನಿ (ಸುಟ್ಟ ಎಳೆ ಜೋಳದ ಕಾಳು) ಸಿಗುತ್ತವೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುವುದೂ ಇದೇ ಚಳಿಗಾಲದಲ್ಲಿ. 2024ರಲ್ಲಿ ಈ ಕೆರೆಯನ್ನು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿಸಿದರು. ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ಹಗಲಿನಲ್ಲಿ ನೀರಿನ ಮೇಲೆ ವಿಶ್ರಮಿಸುತ್ತವೆ, ಆದ್ದರಿಂದ ಏನನ್ನೂ ಹತ್ತದೆ, ಇಳಿಯದೆ ದಂಡೆಯಲ್ಲಿ ಕುಳಿತೇ ನೋಡಬಹುದಾದ ನೋಟ ಅದು. ಮೊಣಕಾಲಿನ ನೋವಿನವರಿಗೆ ನಾನು ಮೊದಲು ಹೇಳುವ ಜಾಗವೂ ಅದೇ. ಹಾವೇರಿಯ ಕಡೆಗೆ ಬಂಕಾಪುರದ ಕೋಟೆಯ ನವಿಲುಧಾಮ, ಶಿಶುವಿನಹಾಳ, ಕಾಗಿನೆಲೆ ಇವೆಲ್ಲ ಒಂದೊಂದು ದಿನದವು. ಬ್ಯಾಡಗಿಗೆ ಹೋದರೆ ವರ್ಷದ ಖಾರಕ್ಕೆ ಬೇಕಾದ ಮೆಣಸಿನಕಾಯಿಯೂ ಬಂದಂತಾಗುತ್ತದೆ.

ರಾತ್ರಿ ಉಳಿಯುವ ಪ್ರಯಾಣವೆಂದರೆ ನಮಗೆ ಪಂಢರಪುರ ಒಂದೇ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ, ವಿಜಯಪುರದ ಮೇಲೆ ಅಲ್ಲಿಯವರೆಗೆ ಹೋಗುತ್ತದೆ. ಹಿರಿಯರಿಗಿದ್ದ ರೈಲು ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು, ಆದರೆ ಕೆಳಗಿನ ಬರ್ತ್‌ನ ಕೋಟಾ ಉಳಿದಿದೆ: ಗಂಡಸರಿಗೆ ಅರವತ್ತು, ಹೆಂಗಸರಿಗೆ ನಲವತ್ತೈದು ತುಂಬಿದ್ದು, ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರೇ ಇದ್ದರೆ ಅದು ಅನ್ವಯಿಸುತ್ತದೆ. ಮಕ್ಕಳು ಮೊಮ್ಮಕ್ಕಳೊಂದಿಗೆ ಹೋಗುವಾಗಲೂ ನಾವಿಬ್ಬರು ನಮ್ಮ ಟಿಕೆಟನ್ನು ಬೇರೆಯೇ ತೆಗೆಸುವುದು ಇದಕ್ಕಾಗಿ. ಆಷಾಢ ಮತ್ತು ಕಾರ್ತಿಕ ಏಕಾದಶಿಯ ದಟ್ಟಣೆಯನ್ನು ತಪ್ಪಿಸುತ್ತೇವೆ. ಪಾದಸ್ಪರ್ಶದ ಸಾಲು ಉದ್ದವಿದ್ದರೆ ಮುಖದರ್ಶನಕ್ಕೆ ಹೋಗುತ್ತೇವೆ. ದೂರದಿಂದ ಕಂಡರೂ ವಿಠ್ಠಲ ವಿಠ್ಠಲನೇ, ಅದರಲ್ಲಿ ನನಗೆ ಕೊರತೆ ಅನ್ನಿಸಿಲ್ಲ.

ಪ್ರತಿ ಸಲ ಬಂದ ಮೇಲೆ ಅವರು ಒಂದು ನೋಟ್‌ಬುಕ್ಕಿನಲ್ಲಿ ಬಸ್ಸಿನ ಸಮಯ, ಖರ್ಚು ಬರೆಯುತ್ತಾರೆ. ಶೌಚಾಲಯ ಎಲ್ಲಿತ್ತು, ಶುಚಿಯಾಗಿತ್ತೇ, ಕೂಡಲು ನೆರಳು ಎಲ್ಲಿತ್ತು, ಮೆಟ್ಟಿಲು ಎಷ್ಟು ಎಂಬುದನ್ನು ನಾನು ಹೇಳಿ ಬರೆಸುತ್ತೇನೆ. ಓಣಿಯ ಇನ್ನೆರಡು ಮನೆಯ ಹಿರಿಯರು ಆ ಪುಟಗಳನ್ನು ನೋಡಿ ತಮ್ಮ ಪ್ರಯಾಣ ಗೊತ್ತುಮಾಡಿಕೊಳ್ಳುತ್ತಿದ್ದಾರೆ. ಮಳೆ ನಿಂತ ಮೇಲೆ ತುಂಗಭದ್ರೆಯ ದಂಡೆಯ ಗಳಗನಾಥಕ್ಕೆ ಹೋಗುವ ವಿಚಾರವಿದೆ. ಆ ದಾರಿಗೆ ನಾವು ಇಬ್ಬರೇ ಬಸ್ಸನ್ನು ನಂಬುವ ಬದಲು, ಆ ಎರಡೂ ಮನೆಯವರನ್ನು ಸೇರಿಸಿಕೊಂಡು ಒಂದು ಬಾಡಿಗೆ ಗಾಡಿ ಮಾಡುವುದೆಂದು ನಿಶ್ಚಯಿಸಿದ್ದೇವೆ.