ರೂಟ್ ಕೆನಾಲ್ ಆದ ಹಲ್ಲು ಕಪ್ಪಾಗದಂತೆ ನೋಡಿಕೊಳ್ಳುವುದು, ಕಪ್ಪಾದರೆ ಸರಿಪಡಿಸುವುದು

ಮುಂದಿನ ಒಂದು ಹಲ್ಲು ಬೂದುಬಣ್ಣಕ್ಕೆ ತಿರುಗಿದೆ ಎಂದು ವಿರಾಜಪೇಟೆಯ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತಾರೆ: "ಕಾಫಿ ಜಾಸ್ತಿ ಆಯ್ತು ಡಾಕ್ಟ್ರೇ." ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಈ ಆಪಾದನೆ ಸಹಜವೇ ಆದರೂ ಕಾಫಿಯಾಗಲಿ ಎಲೆ-ಅಡಿಕೆಯಾಗಲಿ ಒಂದು ಹಲ್ಲನ್ನು ಮಾತ್ರ ಆರಿಸಿಕೊಂಡು ಕೂರುವುದಿಲ್ಲ. ಅವುಗಳ ಕಲೆ ಹೊರಮೈಗೆ ಅಂಟಿ ಸಾಲಿನ ಎಲ್ಲ ಹಲ್ಲುಗಳ ಸಂದುಗಳಲ್ಲೂ ಕಾಣಿಸುತ್ತದೆ, ಸ್ಕೇಲಿಂಗ್ ಮಾಡಿಸಿದರೆ ಹೋಗುತ್ತದೆ. ಅಕ್ಕಪಕ್ಕದವು ಬೆಳ್ಳಗಿದ್ದು, ಹಿಂದೊಮ್ಮೆ ರೂಟ್ ಕೆನಾಲ್ (ಹಲ್ಲಿನೊಳಗಿನ ತಿರುಳನ್ನು ತೆಗೆದು ಬೇರನ್ನು ತುಂಬುವ ಚಿಕಿತ್ಸೆ) ಆದ ಹಲ್ಲೊಂದೇ ಮಂಕಾಗಿದ್ದರೆ ಬಣ್ಣ ಒಳಗಿನಿಂದ ಬಂದಿದೆ ಎಂದೇ ತಿಳಿಯಬೇಕು. ನಿಂಬೆರಸ, ಅಡುಗೆ ಸೋಡಾ, ಇದ್ದಿಲಿನ ಪುಡಿ, ದುಬಾರಿ ಟೂತ್‌ಪೇಸ್ಟ್ ಯಾವುದೂ ಅಲ್ಲಿಯವರೆಗೆ ತಲುಪುವುದಿಲ್ಲ. ನಿಂಬೆ ಮತ್ತು ಇದ್ದಿಲು ಹಲ್ಲಿನ ಹೊರಪದರವಾದ ಎನಾಮಲ್ಲನ್ನು ಸವೆಸುವುದಷ್ಟೇ ಲಾಭ.

ಎನಾಮಲ್ ಅರೆಪಾರದರ್ಶಕವಾದುದರಿಂದ ಹಲ್ಲಿನ ಬಣ್ಣವೆಂದು ನಾವು ನೋಡುವುದು ಬಹುಪಾಲು ಅದರ ಕೆಳಗಿರುವ ಡೆಂಟಿನ್ನಿನ ಬಣ್ಣವನ್ನು. ಈ ಡೆಂಟಿನ್ನಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿದ್ದು, ಹಲ್ಲಿನೊಳಗೆ ಇಟ್ಟ ಔಷಧ, ಸಿಮೆಂಟು, ಉಳಿದುಹೋದ ರಕ್ತ ಇವೆಲ್ಲ ಅವುಗಳ ಮೂಲಕ ನಿಧಾನವಾಗಿ ಇಳಿಯುತ್ತವೆ. ವಸಡಿನ ಅಂಚಿನಲ್ಲಿ ಎನಾಮಲ್ ತೀರ ತೆಳುವಾಗಿರುವ ಕಾರಣ ಒಳಗಿನ ಕಪ್ಪು ಮೊದಲು ಕಾಣಿಸುವುದೂ ಅಲ್ಲೇ.

ಆದ್ದರಿಂದ ವೈದ್ಯರ ಬಳಿ ಹೋಗುವ ಮುನ್ನ ಕನ್ನಡಿ ಹಿಡಿದು ಕಿಟಕಿಯ ಬಳಿ, ಹಗಲು ಬೆಳಕಿನಲ್ಲಿ, ಕಪ್ಪು ಎಲ್ಲಿಂದ ಶುರುವಾಗಿದೆ ಎಂಬುದನ್ನು ಗಮನಿಸಿ. ವಸಡಿನ ಅಂಚಿನಿಂದ ಬೂದುಬಣ್ಣ ಮೇಲೇರಿದಂತಿದ್ದರೆ ಬೇರಿನೊಳಗೆ ತುಂಬಿದ ವಸ್ತುಗಳ ಮೇಲೆ ಅನುಮಾನ ಪಡಬಹುದು. ಕಚ್ಚುವ ಅಂಚಿನ ಎರಡು ಮೂಲೆಗಳ ಕಡೆ ಕಂದುಬಣ್ಣವಿದ್ದರೆ ಸತ್ತ ತಿರುಳಿನ ಚೂರುಗಳು ಅಲ್ಲಿ ಉಳಿದಿರಬಹುದು. ಹಲ್ಲಿನ ಕುತ್ತಿಗೆಯ ಬಳಿ ಗುಲಾಬಿ ಚುಕ್ಕೆ ಕಂಡರೆ ಮಾತ್ರ ಅದನ್ನು ಬರಿಯ ಬಣ್ಣದ ವಿಷಯವೆಂದು ಬಿಡಬೇಡಿ, ಹಲ್ಲು ಕರಗುತ್ತಿರುವ ಸೂಚನೆ ಅದಾಗಿರಬಹುದು. ಅದೇ ವಾರ ಎಕ್ಸ್‌ರೇ ತೆಗೆಸಿ.

ಮೂಲೆಗಳಲ್ಲಿ ತಿರುಳಿನ ಚೂರು ಉಳಿಸಿಬಿಡುವ ತಪ್ಪನ್ನು ವೃತ್ತಿಯ ಆರಂಭದಲ್ಲಿ ನಾನೇ ಮಾಡಿದ್ದೇನೆ. ಕಾಲೇಜು ಹುಡುಗಿಯೊಬ್ಬಳ ಬಾಚಿಹಲ್ಲಿಗೆ ಹಿಂಬದಿಯಿಂದ ಸಣ್ಣದೊಂದು ದುಂಡನೆಯ ರಂಧ್ರ ಕೊರೆದು, ಹಲ್ಲನ್ನು ಎಷ್ಟು ಉಳಿಸಿದೆ ಎಂದು ಹೆಮ್ಮೆಪಟ್ಟುಕೊಂಡು ಚಿಕಿತ್ಸೆ ಮುಗಿಸಿದ್ದೆ. ಎಳೆಯರ ಬಾಚಿಹಲ್ಲಿನಲ್ಲಿ ತಿರುಳು ಎರಡು ಕೊಂಬುಗಳಂತೆ ಮೂಲೆಗಳಿಗೆ ಚಾಚಿಕೊಂಡಿರುತ್ತದೆ. ಅವು ಪೂರ್ತಿ ತೆರೆಯುವಂತೆ ತ್ರಿಕೋನಾಕಾರದಲ್ಲಿ ಕೊರೆಯಬೇಕಿತ್ತು. ಒಂದೂವರೆ ವರ್ಷದ ಮೇಲೆ ಆಕೆ ಕೈಯಿಂದ ಬಾಯಿ ಮುಚ್ಚಿಕೊಂಡು ಮಾತನಾಡುತ್ತ ಬಂದಳು. ಮತ್ತೆ ತೆರೆದು ನೋಡಿದಾಗ ಮೂಲೆಯಲ್ಲಿ ನಮ್ಮ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿಯ ಹನಿಯಷ್ಟು ಕಪ್ಪಾದ, ಅಂಟಂಟಾದ ಚೂರೊಂದು ಕೂತಿತ್ತು.

ರೂಟ್ ಕೆನಾಲ್ ಇನ್ನೂ ಆಗಬೇಕಿದೆ, ಅದೂ ಮುಂದಿನ ಹಲ್ಲಿಗೆ, ಎನ್ನುವವರು ಕೇಳಲೇಬೇಕಾದ ಕೆಲವು ಮಾತುಗಳಿವೆ. ಬೇರಿನಲ್ಲಿ ತುಂಬುವ ಗಟ್ಟಾ ಪರ್ಚಾ ಗುಲಾಬಿ ಬಣ್ಣದ ರಬ್ಬರಿನಂಥ ವಸ್ತು, ಅದನ್ನು ಬೇರಿನ ಗೋಡೆಗೆ ಕೂಡಿಸುವುದು ಸೀಲರ್. ಇವೆರಡೂ ಬೇರಿನೊಳಗೇ ಇರಬೇಕೇ ಹೊರತು ಕಾಣುವ ಹಲ್ಲಿನ ಭಾಗದಲ್ಲಿ ಉಳಿಯಕೂಡದು. ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಗಿಂತ ಸುಮಾರು 2 ಮಿ.ಮೀ. ಒಳಕ್ಕೆ ಗಟ್ಟಾ ಪರ್ಚಾವನ್ನು ಕತ್ತರಿಸಿ, ಗೋಡೆಗೆ ಮೆತ್ತಿದ ಸೀಲರನ್ನು ಆಲ್ಕೋಹಾಲ್ ತೇವದ ಹತ್ತಿಯಿಂದ ಒರೆಸಿ ತೆಗೆಯುವ ಕೆಲಸಕ್ಕೆ ಕೆಲವೇ ನಿಮಿಷ ಸಾಕು. ಸಾಯಂಕಾಲದ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಜಿಂಕ್ ಆಕ್ಸೈಡ್-ಯುಜೆನಾಲ್ ಬಗೆಯವೂ ರೆಸಿನ್ ಬಗೆಯವೂ ಸೇರಿ ಹೆಚ್ಚುಕಡಿಮೆ ಎಲ್ಲ ಸೀಲರುಗಳೂ ಅಲ್ಲೇ ಉಳಿದರೆ ಕಾಲಕ್ರಮದಲ್ಲಿ ಬಣ್ಣ ಬಿಡುತ್ತವೆ. ಬೆಳ್ಳಿಯ ಅಂಶವಿರುವವಂತೂ ಹಲ್ಲನ್ನು ಬೂದುಗಪ್ಪು ಮಾಡುತ್ತವೆ. "ಮುಂದಿನ ಹಲ್ಲು, ಒಳಗೆ ಸೀಲರ್ ಉಳಿಯದಂತೆ ನೋಡಿಕೊಳ್ಳಿ" ಎಂದು ವಿನಯದಿಂದ ಹೇಳಿದರೆ ಯಾವ ವೈದ್ಯರೂ ಬೇಸರಪಡಬಾರದು, ಬೇಸರಪಟ್ಟರೂ ಹೇಳಿ.

ಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದೀಚೆಗೆ ಸ್ಟಿಕ್ ಹಿಡಿಯದ ಮಗು ನಮ್ಮಲ್ಲಿ ಅಪರೂಪ. ಚೆಂಡೋ ಸ್ಟಿಕ್ಕೋ ತಗುಲಿ ಮೇಲಿನ ಬಾಚಿಹಲ್ಲಿಗೆ ಪೆಟ್ಟಾಗುವುದು ಅಷ್ಟು ಅಪರೂಪವಲ್ಲ. ಏಳು-ಎಂಟನೆಯ ವಯಸ್ಸಿಗೆ ಹುಟ್ಟುವ ಆ ಹಲ್ಲಿನ ಬೇರಿನ ತುದಿ ಮುಚ್ಚಿಕೊಳ್ಳುವುದು ಸುಮಾರು ಹತ್ತನೆಯ ವಯಸ್ಸಿಗೆ. ಅದಕ್ಕೆ ಮೊದಲೇ ತಿರುಳು ಸತ್ತರೆ ತೆರೆದ ತುದಿಯನ್ನು ಎಂಟಿಎ ಎಂಬ ಸಿಮೆಂಟಿನಿಂದ ಮುಚ್ಚುವುದುಂಟು. 1990ರ ದಶಕದಲ್ಲಿ ಬಂದ ಈ ಸಿಮೆಂಟು ಹಲ್ಲುಗಳನ್ನು ಉಳಿಸಿದ ದೊಡ್ಡ ಉಪಕಾರಿಯೇ ಸರಿ, ಆದರೆ ಎಕ್ಸ್‌ರೇಯಲ್ಲಿ ಕಾಣಲೆಂದು ಬೆರೆಸಿದ ಬಿಸ್ಮತ್ ಆಕ್ಸೈಡ್, ಬೇರು ತೊಳೆಯಲು ಬಳಸುವ ಸೋಡಿಯಂ ಹೈಪೋಕ್ಲೋರೈಟ್ ತಗುಲಿದಾಗ ಕಪ್ಪುಗಂದಾಗುತ್ತದೆ. ಬೂದುಬಣ್ಣದ ಎಂಟಿಎ ಬದಲು ಬಿಳಿಯದು ಬಂದರೂ ಅದರಲ್ಲೂ ಬಿಸ್ಮತ್ ಇರುವುದರಿಂದ ತೊಂದರೆ ಪೂರ್ತಿ ಹೋಗಲಿಲ್ಲ. ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇರುವ ಬಯೋಡೆಂಟಿನ್‌ನಂಥ ಸಿಮೆಂಟುಗಳು ಬಣ್ಣದ ಮಟ್ಟಿಗೆ ಮೇಲು. ಹಾಗೆಯೇ ಬೇರಿನೊಳಗಿನ ಸೋಂಕು ಕಳೆಯಲು ಮೂರು ಆ್ಯಂಟಿಬಯೋಟಿಕ್‌ಗಳ ಪೇಸ್ಟ್ ಇಡುವುದಾದರೆ ಅದರಲ್ಲಿ ಮಿನೋಸೈಕ್ಲಿನ್ ಇದೆಯೇ ಎಂದು ಕೇಳಿ. ಅದು ಡೆಂಟಿನ್ನಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಹಲ್ಲನ್ನು ಕಪ್ಪಾಗಿಸುತ್ತದೆ. ಅದನ್ನು ಬಿಟ್ಟು ಎರಡೇ ಔಷಧಗಳ ಪೇಸ್ಟನ್ನೋ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೋ ಇಡಬಹುದು.

ಈಗಾಗಲೇ ಕಪ್ಪಾಗಿದ್ದರೆ ಮೊದಲ ಹೆಜ್ಜೆ ಎಕ್ಸ್‌ರೇ. ಬೇರಿನ ತುಂಬುವಿಕೆ ಸರಿಯಾಗಿಲ್ಲದಿದ್ದರೆ ಅದನ್ನು ಮತ್ತೆ ಮಾಡಿಸದೆ ಬಣ್ಣದ ಮಾತೆತ್ತಬಾರದು. ಸರಿಯಾಗಿದ್ದರೆ ಹಲ್ಲಿನ ಹಿಂಬದಿಯ ಫಿಲ್ಲಿಂಗ್ ತೆಗೆದು, ಉಳಿದ ಸೀಲರ್ ಮತ್ತು ತಿರುಳಿನ ಚೂರುಗಳನ್ನು ಸ್ವಚ್ಛಮಾಡಬೇಕು. ಕೆಲವೊಮ್ಮೆ ಇಷ್ಟಕ್ಕೇ ಹಲ್ಲು ಎಷ್ಟೋ ತಿಳಿಯಾಗುತ್ತದೆ. ಬಳಿಕ ಗಟ್ಟಾ ಪರ್ಚಾದ ಮೇಲೆ 2 ಮಿ.ಮೀ. ದಪ್ಪ ಗ್ಲಾಸ್ ಅಯನೋಮರ್ ಸಿಮೆಂಟಿನ ತಡೆ ಕಟ್ಟಿ, ಸೋಡಿಯಂ ಪರ್ಬೋರೇಟ್ ಪುಡಿಯನ್ನು ನೀರಿನಲ್ಲಿ ಒದ್ದೆ ಮರಳಿನ ಹದಕ್ಕೆ ಕಲಸಿ ಒಳಗಿಟ್ಟು, ತಾತ್ಕಾಲಿಕ ಫಿಲ್ಲಿಂಗಿನಿಂದ ಮುಚ್ಚುತ್ತಾರೆ. ಬ್ಲೀಚಿಂಗ್ ಎನ್ನುವ ಈ ಬೆಳ್ಳಗಾಗಿಸುವ ಕೆಲಸ ನೀವು ತೋಟದಲ್ಲಿ ಓಡಾಡಿಕೊಂಡಿರುವಾಗಲೇ ನಡೆಯುತ್ತದೆ. ವಾರಕ್ಕೊಮ್ಮೆಯಂತೆ ಎರಡರಿಂದ ನಾಲ್ಕು ಸಲ ಪುಡಿ ಬದಲಿಸಿದರೆ ಸಾಮಾನ್ಯವಾಗಿ ಸಾಕು.

ಹೈಡ್ರೋಜನ್ ಪೆರಾಕ್ಸೈಡನ್ನು 30 ಶೇಕಡಾ ಪ್ರಬಲತೆಯಲ್ಲಿ ಹಾಕಿ, ಬಿಸಿ ಕೊಟ್ಟು, ಒಂದೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರಿದ್ದರೆ ಒಪ್ಪಬೇಡಿ. ಈ ವಿಧಾನದ ನಂತರ ಬೇರಿನ ಕುತ್ತಿಗೆ ಹೊರಗಿನಿಂದ ಕರಗಿದ ಪ್ರಕರಣಗಳು 1979ರಲ್ಲೇ ವರದಿಯಾಗಿವೆ. ಹಿಂದೆ ಪೆಟ್ಟು ಬಿದ್ದ ಹಲ್ಲಿಗಂತೂ ಅಪಾಯ ಹೆಚ್ಚು. ನೀರಿನಲ್ಲಿ ಕಲಸಿದ ಪರ್ಬೋರೇಟ್ ನಿಧಾನವಾದರೂ ನನಗೆ ಅದೇ ಇಷ್ಟ.

ದಿನ ಲೆಕ್ಕಹಾಕುವಾಗ ನಮ್ಮ ಮಳೆಯನ್ನೂ ಸೇರಿಸಿಕೊಳ್ಳಿ. ಭಾಗಮಂಡಲದ ಕಡೆಯಿಂದ ಬರುವವರು ಜುಲೈಯಲ್ಲಿ ಶುರುಮಾಡಿ, ಮರ ಬಿದ್ದು ರಸ್ತೆ ಮುಚ್ಚಿ, ತಾತ್ಕಾಲಿಕ ಫಿಲ್ಲಿಂಗ್ ಕಳಚಿದ ಹಲ್ಲಿನೊಂದಿಗೆ ಹದಿನೈದು ದಿನ ಮನೆಯಲ್ಲೇ ಕೂತದ್ದುಂಟು. ಫಿಲ್ಲಿಂಗ್ ಕಳಚಿದರೆ ಬಾಯಿ ಮುಕ್ಕಳಿಸಿ, ಆ ಹಲ್ಲಿನಿಂದ ಕಚ್ಚದೆ, ಆದಷ್ಟು ಬೇಗ ಬನ್ನಿ. ಮದುವೆಗೋ ನಮ್ಮ ಸುಗ್ಗಿಹಬ್ಬ ಪುತ್ತರಿಗೋ ಹಲ್ಲು ಬೆಳ್ಳಗಿರಬೇಕೆಂದರೆ ಎರಡು ತಿಂಗಳು ಮೊದಲೇ ಆರಂಭಿಸಬೇಕು. ಬ್ಲೀಚಿಂಗ್ ಮುಗಿದ ಕೂಡಲೇ ಕಾಂಪೋಸಿಟ್ (ಹಲ್ಲಿನ ಬಣ್ಣದ ಶಾಶ್ವತ ಫಿಲ್ಲಿಂಗ್) ಸರಿಯಾಗಿ ಅಂಟುವುದಿಲ್ಲ, ಡೆಂಟಿನ್ನಿನಲ್ಲಿ ಉಳಿದ ಆಮ್ಲಜನಕ ಹೊರಹೋಗಲು ಎರಡು ವಾರ ಬಿಡಬೇಕಾಗುತ್ತದೆ.

ಸತ್ತ ತಿರುಳು ಮತ್ತು ರಕ್ತದ ಕಲೆ ಚೆನ್ನಾಗಿ ಬಿಡುತ್ತದೆ, ಲೋಹದ ಕಲೆ ಹಟಮಾರಿ. ಅಂಥ ಹಲ್ಲಿಗೆ ಕೊನೆಗೆ ವೆನೀರ್ (ಹಲ್ಲಿನ ಮುಂಬದಿಗೆ ಅಂಟಿಸುವ ತೆಳು ಹೊದಿಕೆ) ಅಥವಾ ಕ್ಯಾಪ್ ಬೇಕಾಗಬಹುದು. ಹಾಗೆಂದು ಗಟ್ಟಿಮುಟ್ಟಾದ ಬಾಚಿಹಲ್ಲನ್ನು ಬಣ್ಣಕ್ಕಾಗಿ ಸುತ್ತಲೂ ಕೆತ್ತಿ ಮೊದಲ ದಿನವೇ ಕ್ಯಾಪ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಕ್ಯಾಪ್ ಹಾಕುವುದೇ ನಿಶ್ಚಯವಾದರೂ ಒಮ್ಮೆ ಬ್ಲೀಚ್ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತೆಳು ಸೆರಾಮಿಕ್ಕಿನ ಹಿಂದಿನಿಂದ ಕಪ್ಪು ಇಣುಕುತ್ತಲೇ ಇರುತ್ತದೆ.

ಕೆಲಸ ಶುರುವಾಗುವ ಮುನ್ನ ಒಂದು, ಮುಗಿದ ಮೇಲೆ ಒಂದು ಫೋಟೋವನ್ನು ಒಂದೇ ಕಿಟಕಿಯ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ. ಕೆಲವು ವರ್ಷಗಳಲ್ಲಿ ಬಣ್ಣ ಸ್ವಲ್ಪ ಮರಳುವುದುಂಟು, ಆಗ ಹೋಲಿಸಿ ನೋಡಲು ಬೇಕಾಗುತ್ತದೆ. ವರ್ಷಕ್ಕೊಮ್ಮೆ ಆ ಹಲ್ಲಿನ ಎಕ್ಸ್‌ರೇಯನ್ನೂ ತೆಗೆಸಿ. ಬೇರಿನ ಕುತ್ತಿಗೆ ಕರಗುತ್ತಿದ್ದರೆ ನೋವು ಬರುವ ಎಷ್ಟೋ ಮೊದಲೇ ಅದರಲ್ಲಿ ಕಾಣಿಸುತ್ತದೆ.