ಗುಣ ಹೇಳದೆ ಗುಣ ತೋರಿಸಿದ್ದು: ನನ್ನ ಅನುಭವ

ಕಥಾನಾಯಕ ಎಂಥವನು ಅಂತ ಒಂದು ಸಾಲೂ ಬರೆಯದೆ ಸಣ್ಣಕಥೆ ಮುಗಿಸಬಹುದು. ಇದನ್ನು ಹೇಳಿದಾಗ ನಮ್ಮ ಬರೆಯುವ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ‘ಕಾದಂಬರಿಯಾದರೆ ಸರಿ. ಎರಡು ಸಾವಿರ ಪದದಲ್ಲಿ ಜಾಗ ಎಲ್ಲಿದೆ? ನೇರವಾಗಿ ಹೇಳಿಬಿಡಬೇಕು’ ಅಂದರು. ಈಗ ಹಾಗೆ ಬರೆದ ನನ್ನ ಕಥೆಗೆ ಬಹುಮಾನ ಬಂದಿದೆ. ಬಳಗದ ಮೂರು ನಾಲ್ಕು ಜನ ಅದೇ ದಾರಿ ಹಿಡಿದಿದ್ದಾರೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಿರೂಪಣೆ, ಸಂಭಾಷಣೆ, ದೃಷ್ಟಿಕೋನ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಕೆಲಸಕ್ಕೆ ಬರ್ತೀನಿ.

ಕಥೆ ಇಷ್ಟು. ಶ್ರೀಪತಿ ಅನ್ನೋ ಗುಮಾಸ್ತ ಸಹೋದ್ಯೋಗಿಗಳಿಗೆ ಕೈಸಾಲ ಕೊಡುತ್ತಾನೆ. ಬಡ್ಡಿ ಕೇಳಲ್ಲ, ಒತ್ತಾಯ ಮಾಡಲ್ಲ. ಎಲ್ಲರ ಕಣ್ಣಲ್ಲೂ ದೊಡ್ಡ ಮನುಷ್ಯ. ಒಳಗೆ ಮಾತ್ರ ಒಂದೊಂದು ಪೈಸೆಯನ್ನೂ ಮರೆಯದವನು.

ಮೊದಲ ಕರಡಿನಲ್ಲಿ ಅವನ ಬಗ್ಗೆ ಸುಮಾರು ನೂರೈವತ್ತು ಪದದ ಒಂದು ಪ್ಯಾರಾ ಇತ್ತು. ‘ಮೇಲ್ನೋಟಕ್ಕೆ ಉದಾರಿ, ಒಳಗೆ ಲೆಕ್ಕಾಚಾರದ ಮನುಷ್ಯ’ ಅಂತ ಶುರುವಾಗುತ್ತಿತ್ತು. ನಾಲ್ಕೈದು ಕಡೆ ಕಳಿಸಿದೆ, ಎಲ್ಲ ಕಡೆಯಿಂದಲೂ ವಾಪಸ್. ದುಡ್ಡು ಕೊಟ್ಟು ಒಬ್ಬರಿಂದ ಓದಿಸಿದೆ. ‘ಪಾತ್ರಕ್ಕೆ ಆಳ ಸಾಲದು’ ಅಂತ ಅರ್ಧ ಪುಟ ಬರೆದು ಕೊಟ್ಟರು. ಆಳ ಎಲ್ಲಿಂದ ತರಬೇಕು ಅಂತ ಅದರಲ್ಲಿ ಒಂದಕ್ಷರ ಇರಲಿಲ್ಲ. ಆಮೇಲೆ ಒಂದು ಕಮ್ಮಟ. ಅದರ ಶುಲ್ಕ ಅಷ್ಟರವರೆಗೆ ನಾನು ಕಥೆಗಳಿಂದ ಗಳಿಸಿದ್ದಕ್ಕಿಂತ ಹೆಚ್ಚಿತ್ತು. ಅಲ್ಲಿ ಪಾತ್ರದ ಬಯೋಡೇಟಾ ಬರೆಸಿದರು. ಹುಟ್ಟಿದ ದಿನ, ಇಷ್ಟದ ಬಣ್ಣ, ಬಾಲ್ಯದ ಭಯ, ಹೀಗೆ ಐವತ್ತು ಅರವತ್ತು ಪ್ರಶ್ನೆ. ಶ್ರೀಪತಿ ಬಗ್ಗೆ ಒಂದು ನೋಟ್‌ಬುಕ್ ತುಂಬಿತು. ಕಥೆಗೆ ಅದರಿಂದ ಒಂದು ಸಾಲೂ ಬರಲಿಲ್ಲ. ಬಯೋಡೇಟಾ ಕಾದಂಬರಿ ಬರೆಯುವವರಿಗೆ ಉಪಯೋಗ ಆಗುತ್ತೇನೋ. ಸಣ್ಣಕಥೆಗೆ ದಂಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಸಲಹೆ ಎಲ್ಲರೂ ಕೊಡುವಂಥದ್ದು: ಬೇರೆ ಪಾತ್ರದ ಬಾಯಲ್ಲಿ ಹೇಳಿಸಿ. ಹಾಗೂ ಮಾಡಿದೆ. ಶ್ರೀಪತಿಯ ಹೆಂಡತಿಯಿಂದ ‘ನಿಮಗೆ ದುಡ್ಡಿನ ಮುಂದೆ ಯಾರೂ ಇಲ್ಲ’ ಅನ್ನಿಸಿದೆ. ಅಲ್ಲಿಗೆ ಆ ಹೆಂಗಸು ಸತ್ತೇಹೋದಳು. ನಾನು ಹೇಳಬೇಕಾದ ಮಾತು ಹೇಳೋಕೆ ಕರೆಸಿದ ಸಾಕ್ಷಿ ಥರ ಕಾಣಿಸಿದಳು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ ಹೆಂಡತಿ ಗೊತ್ತಿರುವುದನ್ನೇ ಗಂಡನಿಗೆ ಬಿಡಿಸಿ ಹೇಳ್ತಾಳಾ?

ದಾರಿ ಸಿಕ್ಕಿದ್ದು ಆ ದೊಡ್ಡ ಪ್ಯಾರಾ ಕಿತ್ತುಹಾಕಿ, ಅದರ ಜಾಗದಲ್ಲಿ ಒಂದು ಡೈರಿ ಇಟ್ಟಾಗ. ವಿಧಾನ ಹೀಗಿದೆ. ಒಂದೇ ವಿಷಯದಲ್ಲಿ ಪಾತ್ರವನ್ನು ಎರಡು ಸಲ ನೋಡಬೇಕು. ಒಮ್ಮೆ ಯಾರಾದರೂ ಎದುರಿಗೆ ಇದ್ದಾಗ, ಇನ್ನೊಮ್ಮೆ ಯಾರೂ ಇಲ್ಲದಾಗ. ಎರಡರ ನಡುವಿನ ವ್ಯತ್ಯಾಸವೇ ಅವನ ಗುಣ. ಅದನ್ನು ಓದುಗ ತಾನೇ ಅಳೆದುಕೊಳ್ಳುತ್ತಾನೆ. ನಾವು ಅಳೆದು ಕೊಟ್ಟರೆ ನಂಬಲ್ಲ.

ಮೊದಲ ದೃಶ್ಯದಲ್ಲಿ ಗಿರೀಶ ಅನ್ನೋ ಸಹೋದ್ಯೋಗಿ ಸಂಕೋಚದಿಂದ ಸಾಲ ಕೇಳುತ್ತಾನೆ. ಶ್ರೀಪತಿ ನೋಟು ಎಣಿಸದೆ ಕೊಡುತ್ತಾನೆ. ‘ಬಿಡ್ರೀ ಗಿರೀಶ್, ನಮ್ಮಲ್ಲಿ ಎಂಥ ಲೆಕ್ಕ?’ ಅನ್ನುತ್ತಾನೆ. ಗಿರೀಶ ಮೆಟ್ಟಿಲು ಇಳಿಯುತ್ತಾನೆ. ಹೆಂಡತಿ ಒಳಗಿನಿಂದ ಪೆನ್ನು ತಂದು ಗಂಡನ ಕೈಗಿಡುತ್ತಾಳೆ. ಅವನು ಕೇಳಿರಲಿಲ್ಲ. ಡೈರಿಯಲ್ಲಿ ತಾರೀಖು, ಹೆಸರು, ಮೊತ್ತ ಬೀಳುತ್ತದೆ. ಅಷ್ಟೇ. ಎಣಿಸದೆ ಕೊಟ್ಟವನಿಗೆ ಮೊತ್ತ ಹೇಗೆ ಗೊತ್ತು? ಮೊದಲೇ ಎಣಿಸಿ ಇಟ್ಟುಕೊಂಡಿದ್ದ. ಇದನ್ನು ನಾನು ಎಲ್ಲೂ ಬರೆದಿಲ್ಲ. ಓದಿದವರಲ್ಲಿ ಹೆಚ್ಚಿನವರು ತಾವಾಗಿಯೇ ಹಿಡಿದರು. ಹೆಂಡತಿಯೂ ಜೀವ ಪಡೆದಳು. ಇಂಥ ಸಾಲ ಎಷ್ಟು ನಡೆದಿದೆ, ಅವಳು ಎಷ್ಟು ಸಲ ಪೆನ್ನು ಹುಡುಕಿ ಕೊಟ್ಟಿದ್ದಾಳೆ ಅನ್ನೋದೆಲ್ಲ ಆ ಒಂದು ಕೆಲಸದಲ್ಲಿ ಬಂತು. ನಾನು ಬರೆದ ವಾಕ್ಯಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ನಮ್ಮ ಭಾಷೆಯಲ್ಲಿ ಇನ್ನೊಂದು ಅನುಕೂಲ ಇದೆ, ಅದನ್ನು ನಾವು ಪೂರ್ತಿ ಬಳಸುತ್ತಿಲ್ಲ. ಬಹುವಚನ, ಏಕವಚನ. ಸಾಲ ಕೊಡುವ ತನಕ ಶ್ರೀಪತಿ ‘ಬನ್ರೀ, ಕೂತ್ಕೊಳ್ರೀ’ ಅನ್ನುತ್ತಾನೆ. ಎರಡು ಪುಟದ ಆಚೆ, ಅದೇ ಗಿರೀಶನಿಗೆ ‘ಬಾರಪ್ಪ, ಕೂತ್ಕೋ’. ದನಿಯಲ್ಲಿ ಪ್ರೀತಿಯೇ ಇದೆ. ಆದರೆ ಸಾಲ ತಗೊಂಡವನು ಒಂದು ಮೆಟ್ಟಿಲು ಕೆಳಗೆ ಇಳಿದಿದ್ದಾನೆ, ಗಿರೀಶ ಅದನ್ನು ಒಪ್ಪಿಕೊಂಡೂ ಇದ್ದಾನೆ. ಈ ಬದಲಾವಣೆಗೆ ನಾನು ಖರ್ಚು ಮಾಡಿದ್ದು ಎರಡು ಪದ. ನಿರೂಪಕ ‘ಹೇಳಿದ’ ಅನ್ನುತ್ತಾನೋ ‘ಹೇಳಿದರು’ ಅನ್ನುತ್ತಾನೋ ಅದರಲ್ಲೂ ತೀರ್ಪು ಅಡಗಿರುತ್ತದೆ, ಅದನ್ನೂ ಗಮನಿಸಿ.

ಕೊನೆಯ ಸಲ ಡೈರಿ ಬರೋದು ಗಿರೀಶ ತೀರಿಕೊಂಡ ಮೇಲೆ. ಶ್ರೀಪತಿ ಅವರ ಮನೆಗೆ ಹೋಗಿ ಬರುತ್ತಾನೆ. ನಿಜವಾಗಿಯೂ ಅಳುತ್ತಾನೆ, ಅದು ನಾಟಕ ಅಲ್ಲ. ಗಿರೀಶನ ಹೆಂಡತಿಗೆ ‘ಆ ದುಡ್ಡಿನ ಮಾತು ಎತ್ತಲೇಬೇಡಮ್ಮ’ ಅನ್ನುತ್ತಾನೆ. ಮನೆಗೆ ಬಂದು ಡೈರಿ ತೆರೆಯುತ್ತಾನೆ. ಗಿರೀಶನ ಹೆಸರಿನ ಮೇಲೆ ಗೆರೆ ಎಳೆಯುತ್ತಾನೆ. ಕೆಳಗೆ ಗಿರೀಶನ ಮಗನ ಹೆಸರು ಬರೆಯುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಮೊದಲ ಮತ್ತು ಕೊನೆಯ ಸಲದ ನಡುವೆ ಎಷ್ಟು ದೂರ ಇರಬೇಕು, ನಡುವೆ ಓದುಗನ ಗಮನ ಬೇರೆಡೆ ಸೆಳೆಯೋದು ಹೇಗೆ ಅನ್ನೋದಕ್ಕೆ ನನ್ನದೇ ಒಂದು ಅಳತೆ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಳಗದಲ್ಲಿ ಓದಿದಾಗ ‘ಅವನು ಒಳ್ಳೆಯವನೋ ಕೆಟ್ಟವನೋ ಗೊತ್ತಾಗಲ್ಲ’ ಅಂತ ತಕರಾರು ಬಂತು. ನನಗೆ ಬೇಕಾಗಿದ್ದೇ ಅದು. ಅಳುವವನೂ ಅವನೇ, ಬರೆಯುವವನೂ ಅವನೇ. ರಷ್ಯನ್ ಕಥೆಗಾರ ಆಂಟನ್ ಚೆಕಾಫ್ 1886ರಲ್ಲೇ ಅಣ್ಣ ಅಲೆಕ್ಸಾಂಡರ್‌ಗೆ ಬರೆದ ಪತ್ರದಲ್ಲಿ ಪಾತ್ರಗಳ ಮನಸ್ಸನ್ನು ವರ್ಣಿಸಬೇಡ, ಅದು ಅವರ ಕೆಲಸದಿಂದ ಗೊತ್ತಾಗಲಿ ಅಂದಿದ್ದರು. ಪಾತ್ರಗಳ ಸಂಖ್ಯೆ ಜಾಸ್ತಿ ಮಾಡಬೇಡ ಅಂತಲೂ ಅದರಲ್ಲೇ ಇದೆ. ಈ ಎರಡನೇ ಮಾತೇ ನನಗೆ ಹೆಚ್ಚು ಉಪಕಾರ ಮಾಡಿತು. ಆಫೀಸಿನ ಐದಾರು ಜನರನ್ನು ಹೊರಗೆ ಕಳಿಸಿದೆ. ಕಾಲು ಭಾಗ ಕಥೆ ಕಡಿಮೆಯಾಯಿತು, ಡೈರಿಗೆ ಜಾಗ ಸಿಕ್ಕಿತು.

ನಡುವೆ ಒಂದು ಪ್ರಯೋಗವೂ ಆಯಿತು. ಇಡೀ ಕಥೆಯನ್ನು ‘ನಾನು’ ಅಂತ ಶ್ರೀಪತಿ ಬಾಯಲ್ಲೇ ಬರೆದೆ. ‘ನಾನು ಲೆಕ್ಕ ಇಡುವವನಲ್ಲ’ ಅಂತ ಅವನೇ ಹೇಳ್ತಾನೆ, ಮರುಕ್ಷಣ ಯಾವ ತಾರೀಖು ಯಾರಿಗೆ ಎಷ್ಟು ಕೊಟ್ಟೆ ಅಂತ ತಪ್ಪಿಲ್ಲದೆ ಹೇಳ್ತಾನೆ. ಓದೋಕೆ ಮಜಾ ಇತ್ತು. ಆದರೆ ‘ಯಾರೂ ಇಲ್ಲದಾಗ’ ಅನ್ನೋದೇ ಹೋಯಿತು, ಯಾಕಂದ್ರೆ ‘ನಾನು’ ಅನ್ನುವವನ ಎದುರಿಗೆ ಓದುಗ ಕೂತೇ ಇರುತ್ತಾನೆ. ಅವನು ಸದಾ ವೇಷ ಹಾಕಿಕೊಂಡೇ ಇರುತ್ತಾನೆ. ಆ ಕರಡು ಹಾಗೇ ಇಟ್ಟಿದ್ದೇನೆ, ಬೇರೆ ಕಥೆಗೆ ಆಗುತ್ತದೆ.

ಹೊಸ ರೂಪದಲ್ಲಿ ಮೊದಲು ಕಳಿಸಿದ ಕಡೆ ಸಂಪಾದಕರು ಒಪ್ಪಿದರು, ಆದರೆ ಕೊನೆಗೆ ‘ಶ್ರೀಪತಿ ಬದಲಾಗಲಿಲ್ಲ’ ಅಂತ ಒಂದು ಸಾಲು ಸೇರಿಸಿ ಅಂದರು. ಆಗಲ್ಲ ಅಂದೆ. ಸಂಭಾವನೆ ಕೈತಪ್ಪಿತು. ಆ ತಿಂಗಳು ಅದು ಬೇಕಾಗಿತ್ತು, ಆದರೂ ಕಥೆ ವಾಪಸ್ ತಗೊಂಡೆ. ಮುಂದೆ ಸ್ಪರ್ಧೆಗೆ ಹಾಕಿದೆ. ಬಹುಮಾನದ ಹಣದಲ್ಲಿ ಕಮ್ಮಟದ ಶುಲ್ಕ, ಓದಿಸಿದ ಖರ್ಚು, ಟೈಪಿಂಗ್, ಅಂಚೆ ಎಲ್ಲ ಕಳೆದು ಇನ್ನೂ ಉಳಿಯಿತು. ಹಿಂದಿನ ಆರೇಳು ಕಥೆಗಳ ಸಂಭಾವನೆ ಒಟ್ಟು ಸೇರಿಸಿದರೂ ಅದರ ಅರ್ಧ ಆಗುತ್ತಿರಲಿಲ್ಲ.

ಆಮೇಲೆ ಇದೇ ವಿಧಾನದಲ್ಲಿ ನಾಲ್ಕೈದು ಕಥೆ ಬರೆದಿದ್ದೇನೆ. ಡೈರಿಯೇ ಬೇಕಂತಿಲ್ಲ. ಒಂದರಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಫೋನ್ ಎತ್ತುವ ರೀತಿ. ಚಿಕ್ಕ ಮಕ್ಕಳೇ ಮುಖ್ಯ ಪಾತ್ರವಾದಾಗ ಮಾತ್ರ ಇದು ನಡೆಯುತ್ತಿಲ್ಲ. ನಾನು ಬರೆದ ಐದು ವರ್ಷದ ಮಗು ಜನ ಇದ್ದರೂ ಇಲ್ಲದಿದ್ದರೂ ಒಂದೇ ಥರ ಇರುತ್ತದೆ, ವ್ಯತ್ಯಾಸವೇ ಸಿಗಲ್ಲ. ಅದಕ್ಕೆ ಈಗ ಮಗುವನ್ನು ಹಾಗೇ ಬಿಟ್ಟು, ಅದರ ಎದುರಿಗೆ ದೊಡ್ಡವರು ಹೇಗೆ ಬದಲಾಗುತ್ತಾರೆ ಅಂತ ಬರೆದು ನೋಡುತ್ತಿದ್ದೇನೆ. ಅರ್ಧ ಆಗಿದೆ. ಇದನ್ನು ಬೇರೆ ರೀತಿ ಬಗೆಹರಿಸಿದವರಿದ್ದರೆ ನನಗೂ ಹೇಳಿ.