ಅಂಗಾಲು, ಉಗುರಿನ ಕಪ್ಪು ಕಲೆ: ಮೆಲನೋಮ ಪತ್ತೆ ಹೇಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಕಲ್ಲು ತಾಗಿ ಉಗುರು ಕಪ್ಪಾಗುವುದು ಸಾಮಾನ್ಯವಾದ್ದರಿಂದಲೇ, ಅಂಗೈ, ಅಂಗಾಲು ಮತ್ತು ಉಗುರಿನ ಬುಡದಲ್ಲಿ ಹುಟ್ಟುವ ಆಕ್ರಲ್ ಮೆಲನೋಮ ಎಂಬ ಅಪರೂಪದ ಚರ್ಮದ ಕ್ಯಾನ್ಸರ್ ಗಮನಕ್ಕೆ ಬಾರದೆ ಉಳಿಯಬಹುದು.

ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತದ ಕಲೆ ಉಗುರು ಬೆಳೆದಂತೆ ತುದಿಯತ್ತ ಸರಿಯುತ್ತದೆ. ಹಾಗೆ ಸರಿಯದೆ, ಒಂದೇ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಪಟ್ಟೆಯಾಗಿ ನಿಂತು ಅಗಲವಾಗುತ್ತ, ಸುತ್ತಲಿನ ಚರ್ಮಕ್ಕೂ ಕಪ್ಪು ಹರಡಿದರೆ, ನೋವಿಲ್ಲವೆಂದು ಕಾಯದೆ ಚರ್ಮವೈದ್ಯರಿಗೆ ತೋರಿಸಬೇಕು. ಅಂಗಾಲಿನಲ್ಲಿ ಆಣಿಯೆಂದುಕೊಂಡ, ವಾಸಿಯಾಗದ ಹುಣ್ಣೂ ಹಾಗೆಯೇ. ಕೆಲವೊಮ್ಮೆ ಅದರಲ್ಲಿ ಕಪ್ಪು ಬಣ್ಣವೇ ಇರುವುದಿಲ್ಲ, ಮೋಸಹೋಗುವುದು ಇಲ್ಲಿಯೇ.

ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಎಂಬ ಉಪಕರಣದಲ್ಲಿ ನೋಡುವಾಗ ಬಣ್ಣವು ಅಂಗಾಲಿನ ಗೆರೆಗಳ ಏಣುಗಳ ಮೇಲಿದ್ದರೆ ಸಂಶಯ ಬಲವಾಗುತ್ತದೆ. ತಗ್ಗುಗಳಲ್ಲಿದ್ದರೆ ಅದು ಸಾಮಾನ್ಯವಾಗಿ ನಿರಪಾಯಕಾರಿ. ಅಂತಿಮ ನಿರ್ಣಯ ಬಯಾಪ್ಸಿಯದು. ಉಗುರಿನ ಪಟ್ಟೆಯಾದರೆ ಉಗುರು ಹುಟ್ಟುವ ಬುಡದ ಅಂಗಾಂಶವನ್ನೇ ತೆಗೆದು ಪರೀಕ್ಷಿಸಬೇಕು. ತುದಿಯಿಂದ ಕತ್ತರಿಸಿದ ತುಣುಕು ಸಾಲದು.